ಸೆಮಿಸ್ಟರ್ ಶುರು ಮಾಡುವುದು: ಒಂದು ಪಿಜಿ ಸೆಂಟರಿನ ಅನುಭವ

ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಸೆಮಿಸ್ಟರ್ ಆರಂಭಕ್ಕೆ ಒಂದು ದಿನಾಂಕ ಇರುತ್ತದೆ. ಆ ದಿನ ಮೊದಲ ಸೆಮಿಸ್ಟರಿನ ಅರ್ಧ ಮಕ್ಕಳೂ ಬಂದಿರುವುದಿಲ್ಲ. ಸೀಟು ಹಂಚುವ ಕೌನ್ಸೆಲಿಂಗ್ ಇನ್ನೂ ನಡೆಯುತ್ತಿರುತ್ತದೆ. ಕೆಲವರ ಡಿಗ್ರಿ ಫಲಿತಾಂಶವೇ ಹೊರಬಿದ್ದಿರುವುದಿಲ್ಲ. ಅತಿಥಿ ಉಪನ್ಯಾಸಕರ ಹಳೆ ಅವಧಿ ಮುಗಿದು, ಹೊಸ ಆದೇಶದ ಕಡತ ಎಲ್ಲೋ ಓಡಾಡುತ್ತಿರುತ್ತದೆ.

ಪಿಜಿ ಸೆಂಟರಿನ, ಅಂದರೆ ಸ್ನಾತಕೋತ್ತರ ಕೇಂದ್ರದ, ನಿರ್ದೇಶಕನ ಕುರ್ಚಿಯಲ್ಲಿ ಕೂತಾಗ ನಾನು ಮಾಡಿಕೊಂಡ ತೀರ್ಮಾನ ಒಂದೇ. ಇದೆಲ್ಲ ಸರಿಹೋಗಲಿ ಅಂತ ಕಾಯಬಾರದು. ಬಂದಷ್ಟು ಮಕ್ಕಳಿಗೆ, ಇರುವಷ್ಟು ಮೇಷ್ಟ್ರುಗಳಿಂದ, ಹೇಳಿದ ದಿನವೇ ಪಾಠ ಶುರುವಾಗಬೇಕು. ಇರುವುದೇ 16 ವಾರ. ಅದರೊಳಗೆ ಎರಡು ಇಂಟರ್ನಲ್ಸ್ (ಆಂತರಿಕ ಪರೀಕ್ಷೆ), ಸೆಮಿನಾರು, ಹಬ್ಬದ ರಜೆ ಎಲ್ಲ ಆಗಬೇಕು. ಮೊದಲೇ ಎರಡು ವಾರ ಸುಮ್ನೆ ಹೋದರೆ ಕೊನೆಯಲ್ಲಿ ಪಾಠ ಓಡುತ್ತದೆ, ಮಕ್ಕಳು ಹಿಂದೆ ಉಳಿಯುತ್ತಾರೆ.

ನಮ್ಮ ಗುಮಾಸ್ತರು ಮೊದಲ ದಿನವೇ ಹೇಳಿದ್ದರು: "ಸಾರ್, ಆರ್ಡರ್ ಇಲ್ಲದೆ ಅತಿಥಿಗಳು ಕ್ಲಾಸ್ ತಗೊಂಡ್ರೆ ಬಿಲ್ ಆಗಲ್ಲ." ಸರಿಯಾದ ಮಾತು. "ನೀವು ಪಾಠ ಮಾಡ್ತಿರಿ, ಆಮೇಲೆ ನೋಡೋಣ" ಅಂತ ಅವರನ್ನು ದುಡಿಸಿಕೊಳ್ಳುವುದು ನನಗೆ ಆಗದ ಕೆಲಸ. ಅವರೂ ಮನೆ ನಡೆಸಬೇಕಲ್ವಾ? ಹಾಗಾಗಿ ಎರಡು ಟೈಮ್‌ಟೇಬಲ್ ಮಾಡಿದೆ. ನಾಲ್ಕು ಕ್ರೆಡಿಟ್‌ನ ಪೇಪರಿಗೆ ವಾರಕ್ಕೆ ನಾಲ್ಕು ಗಂಟೆಯಂತೆ ಒಟ್ಟು 64 ಗಂಟೆ ಬೇಕು. ಕಾಯಂ ಅಧ್ಯಾಪಕರ ಪೇಪರುಗಳಿಗೆ ಮೊದಲ ವಾರಗಳಲ್ಲಿ ಆರಾರು ಗಂಟೆ ಕೊಟ್ಟೆ. ಅತಿಥಿಗಳ ಆದೇಶ ಬಂದ ಮೇಲೆ ಲೆಕ್ಕ ತಿರುಗಿಸಿ ಅವರಿಗೆ ಜಾಸ್ತಿ ಗಂಟೆ, ಕಾಯಂನವರಿಗೆ ಕಡಿಮೆ. ಒಟ್ಟು ಗಂಟೆ ಅಷ್ಟೇ ಉಳಿಯುತ್ತದೆ. ಹಿರಿಯ ಪ್ರಾಧ್ಯಾಪಕರೊಬ್ಬರು ಗೊಣಗಿದರು. ಸೆಮಿಸ್ಟರ್ ಕೊನೆಗೆ ತಮ್ಮ ಪಿಎಚ್‌ಡಿ ವಿದ್ಯಾರ್ಥಿಗಳ ಅಧ್ಯಾಯ ತಿದ್ದಲು ಬಿಡುವು ಸಿಗುತ್ತದೆ ಅಂತ ಗೊತ್ತಾದಾಗ ಸುಮ್ಮನಾದರು.

ಟೈಮ್‌ಟೇಬಲನ್ನು ನಾನು ಕಂಪ್ಯೂಟರಿನಲ್ಲಿ ಶುರು ಮಾಡುವುದಿಲ್ಲ. ದೊಡ್ಡ ಡ್ರಾಯಿಂಗ್ ಶೀಟು, ಪೆನ್ಸಿಲ್ಲು, ರಬ್ಬರು. ಮೊದಲು ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರಿನ, ಗಂಟೆ ಗುರುತು ಹಾಕಬೇಕು. ಆ ಹೊತ್ತಿಗೆ ಒಂದು ವಿಭಾಗದ ಮಕ್ಕಳು ಇನ್ನೊಂದು ವಿಭಾಗಕ್ಕೆ ಹೋಗುವುದರಿಂದ ಎಲ್ಲರಿಗೂ ಒಂದೇ ಸಮಯ ಇರಲೇಬೇಕು. ಆಮೇಲೆ ಲ್ಯಾಬು. ಆಮೇಲೆ ಬಸ್ಸು. ಹೌದು, ಬಸ್ಸು! ತಾಲ್ಲೂಕುಗಳಿಂದ ಬರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಆದರೆ ನಮ್ಮ ಕಡೆ ಬೆಳಗ್ಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಒಂದು ಬಸ್ ನಿಲ್ಲಿಸದೆ ಹೋದರೆ ಮೊದಲ ಕ್ಲಾಸ್ ಹೋಯಿತು. 75 ಶೇಕಡಾ ಹಾಜರಾತಿಯ ನಿಯಮ ಮಾತ್ರ ಬಸ್ಸಿಗೆ ಕಾಯುವುದಿಲ್ಲ. ಆದ್ದರಿಂದ ಮೊದಲ ಪೀರಿಯಡ್ ಹತ್ತೂವರೆಗೆ ಇಟ್ಟೆ, ಸಂಜೆ ಕೊನೆಯ ಬಸ್ಸಿಗೆ ಮುಂಚೆ ಮುಗಿಸಿದೆ. ಊಟದ ವಿರಾಮ ಸ್ವಲ್ಪ ಚಿಕ್ಕದಾಯಿತು. ಸ್ಟಾಫ್ ರೂಮಿನಲ್ಲಿ ಇದಕ್ಕೇ ಜಾಸ್ತಿ ಗಲಾಟೆ.

ತಡವಾಗಿ ಸೇರಿದವರಿಗೆ ಶನಿವಾರ ಮೊದಲ ಘಟಕದ ಪಾಠ ಮತ್ತೆ ಮಾಡಿಸಿದೆವು. ಇದಕ್ಕೆ ಸಂಶೋಧನಾ ವಿದ್ಯಾರ್ಥಿಗಳ ಸಹಾಯ ಪಡೆದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಅವರಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್ ಕೆಲಸ ಕೊಡಬಹುದು ಅಂತಿದೆ. ಅದನ್ನು ಓದಿ ಬಳಸಿಕೊಳ್ಳುವವರು ಕಡಿಮೆ. ಪ್ರತಿ ಸೆಮಿಸ್ಟರ್ ಅವರು ಸಲಹಾ ಸಮಿತಿಯ ಮುಂದೆ ತಮ್ಮ ಕೆಲಸ ಮಂಡಿಸಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಆ ಮಂಡನೆಯನ್ನು ಪರೀಕ್ಷೆಯ ಗಡಿಬಿಡಿಗೆ ಬಿಡದೆ ಶುರುವಿನಲ್ಲೇ ಮುಗಿಸಿದೆ.

ಸ್ಕಾಲರ್‌ಶಿಪ್‌ಗೆ ಕಚೇರಿ ಹೊರಗೆ ಒಂದು ಮೇಜು ಹಾಕಿಸಿದ್ದೆ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ತುಂಬುವುದು ಮಕ್ಕಳಿಗೆ ಗೊತ್ತು, ಕಷ್ಟ ಇರುವುದು ಬ್ಯಾಂಕಿನಲ್ಲಿ. ಎಂಎ ಹುಡುಗಿಯೊಬ್ಬಳು "ಸಾರ್, ಹೋದ ವರ್ಷದ ದುಡ್ಡೇ ಬಂದಿಲ್ಲ" ಅಂದಳು. ನೋಡಿದರೆ ಮಂಜೂರಾಗಿ ಜಮಾ ಕೂಡ ಆಗಿದೆ. ಅವಳ ಆಧಾರ್ ಜೋಡಣೆಯಾಗಿದ್ದು ಊರಿನ ಹಳೆ ಖಾತೆಗೆ. ಪಿಯುಸಿಯಲ್ಲಿ ಅಪ್ಪ ಮಾಡಿಸಿದ್ದು, ಅವಳಿಗೆ ಮರೆತೇ ಹೋಗಿತ್ತು. ಅಂದಿನಿಂದ ಅರ್ಜಿಗೆ ಮುಂಚೆ ಆಧಾರ್ ಯಾವ ಖಾತೆಗೆ ಸೇರಿದೆ ಅಂತ ಎಲ್ಲರದ್ದೂ ನೋಡುತ್ತೇವೆ.

ಅತಿಥಿಗಳ ಆದೇಶಕ್ಕೆ ಬೇಕಾಗುವ, ಮುಂದಿನ ಸೆಮಿಸ್ಟರಿನ ವರ್ಕ್‌ಲೋಡ್ (ಪಾಠದ ಗಂಟೆಗಳ) ಪಟ್ಟಿಯನ್ನು ಈಗ ಈ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆಯೇ ಕಳಿಸುತ್ತೇನೆ. ಆದೇಶ ಬೇಗ ಬರುತ್ತದೆ ಅಂತ ಖಾತ್ರಿ ಇಲ್ಲ. ಆದರೆ "ನಿಮ್ಮಿಂದ ಪಟ್ಟಿಯೇ ಬಂದಿಲ್ಲ" ಅಂತ ಮೇಲಿನವರು ಹೇಳುವ ಹಾಗಿಲ್ಲ. ಇನ್ನೂ ಬಗೆಹರಿಯದೆ ಉಳಿದಿರುವುದು ಓಪನ್ ಎಲೆಕ್ಟಿವ್ ಹಂಚಿಕೆ. ಎಲ್ಲರಿಗೂ ಕಂಪ್ಯೂಟರ್ ವಿಭಾಗದ ಪೇಪರೇ ಬೇಕು, ಅಲ್ಲಿರುವ ಲ್ಯಾಬು ಮಾತ್ರ ಒಂದೇ.