ನೆರೆ ಸಂತ್ರಸ್ತರ ಶೆಡ್ಡು ಬೇಸಿಗೆಗೂ ತಾಳಬೇಕು

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ನದಿತೀರದ ಹಳ್ಳಿಗಳಿಗೆ ನೆರೆ ತರುವುದು ಹೆಚ್ಚಾಗಿ ಬೇರೆಡೆ ಸುರಿದ ಮಳೆ. ಸಹ್ಯಾದ್ರಿಯ ಮಳೆಗೆ ಕೊಯ್ನಾ, ಹಿಡಕಲ್, ನವಿಲುತೀರ್ಥ ಜಲಾಶಯಗಳು ತುಂಬಿ ನೀರು ಬಿಟ್ಟಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕುತ್ತವೆ; 2019ರ ಆಗಸ್ಟ್‌ನಲ್ಲಿ ಆದದ್ದೂ ಹೀಗೆಯೇ. ಬಾಗಲಕೋಟೆಯ ಬಯಲಿನಲ್ಲಿ ಮಳೆ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರವನ್ನು, ಅಂದರೆ ನೆರೆ ಪರಿಹಾರ ಶಿಬಿರವನ್ನು, ಕೆಲವೇ ವಾರಗಳಲ್ಲಿ ಬಿಡಬೇಕಾದ ಕುಟುಂಬ, ಕುಸಿದ ಮಣ್ಣಿನ ಮನೆಯ ಬದಲು ಹೊಸದು ಏಳುವವರೆಗೆ, ಒಂದು ಬೇಸಿಗೆಯನ್ನಾದರೂ ತಾತ್ಕಾಲಿಕ ಶೆಡ್ಡಿನಲ್ಲಿ ಕಳೆಯಬೇಕಾಗಬಹುದು. ಆದ್ದರಿಂದ ನಕ್ಷೆ ಬರೆಯುವವರು ಆಗಸ್ಟ್ ತಿಂಗಳ ಮಳೆಯಷ್ಟೇ ಏಪ್ರಿಲ್ ತಿಂಗಳ ಮಧ್ಯಾಹ್ನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೋಡೆಗೂ ಚಾವಣಿಗೂ ಬರೀ ತಗಡು ಹೊಡೆದ ಶೆಡ್ಡಿನಲ್ಲಿ ಆ ಹೊತ್ತಿಗೆ ಹಸುಗೂಸನ್ನು ಮಲಗಿಸಲಾಗದು.

ಮೊದಲು ಜಾಗ. ಹಿಂದಿನ ಮಹಾಪೂರದ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ಊರಿನ ಹಿರಿಯರು ಗುಡಿಯ ಗೋಡೆಗೆ ಬೆರಳಿಟ್ಟು ತೋರಿಸುತ್ತಾರೆ. ಆ ಗುರುತಿಗಿಂತ ಎತ್ತರದಲ್ಲಿ, ಆದಷ್ಟೂ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ನೆಲವನ್ನೇ ಹುಡುಕಬೇಕು. ಎರಿ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣಿನ ನೆಲ, ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವುದರಿಂದ ನೆಟ್ಟ ಕಂಬ ವಾಲುತ್ತದೆ, ನೆಲ ಒಡೆಯುತ್ತದೆ, ಶೌಚಾಲಯದ ಗುಂಡಿ ನೀರು ಹೀರದೆ ತುಂಬಿಕೊಳ್ಳುತ್ತದೆ. ಎರಿ ಭೂಮಿಯ ಹೊರತು ಬೇರೆ ಜಾಗವೇ ಸಿಗದಿದ್ದರೆ ಮೇಲಿನ ಮಣ್ಣನ್ನು ಕೆತ್ತಿ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿದು ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ, ಅದರ ಮೇಲೆ ಫರಸಿ ಕಲ್ಲುಗಳನ್ನು (ನೆಲಕ್ಕೆ ಹಾಸುವ ಚಪ್ಪಡಿ) ಸಿಮೆಂಟ್ ಇಲ್ಲದೆ ಹಾಸಬಹುದು. ಮುಂದೆ ಅವೇ ಕಲ್ಲುಗಳನ್ನು ಎಬ್ಬಿಸಿ ಹೊಸ ಮನೆಗೆ ಒಯ್ಯಲು ಬರುತ್ತದೆ.

ಪರಿಹಾರ ಕಾರ್ಯದಲ್ಲಿ ಬಳಕೆಯಲ್ಲಿರುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಕನಿಷ್ಠ ಮಾನದಂಡದಂತೆ, ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು, ತಲಾ 3.5 ಚದರ ಮೀಟರ್ ಸೂರು ಬೇಕು. ಐದು ಜನರ ಕುಟುಂಬಕ್ಕೆ ಇದು 12 ಅಡಿ ಅಗಲ, 16 ಅಡಿ ಉದ್ದದ ಒಂದು ಕೋಣೆಯಾಗುತ್ತದೆ. ಕಟ್ಟಿಗೆಯ ಒಲೆಯ ಮೇಲೆ ರೊಟ್ಟಿ ಬಡಿಯುವ ಮನೆಗೆ ಒಳಗೇ ಅಡುಗೆಮನೆ ಮಾಡಿಕೊಟ್ಟರೆ ಹೊಗೆಯೂ ಬೆಂಕಿಯ ಭಯವೂ ಒಳಗೇ ಉಳಿಯುತ್ತವೆ. ಅದಕ್ಕಾಗಿ ಮುಂಭಾಗದಲ್ಲಿ ಸೂರು ಚಾಚಿ ಆರು ಅಡಿಯ ಪಡಸಾಲೆ ಬಿಡುವುದು ಒಳ್ಳೆಯದು. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಬಾಗಿಲು ಪೂರ್ವಕ್ಕಿರಲಿ, ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಲಿ. ಹಾಗಾದರೆ ಸಂಜೆಯ ಬಿಸಿಲು ಗಿಡ್ಡ ಗೋಡೆಗಷ್ಟೇ ತಾಗುತ್ತದೆ.

ಹಣವೂ ಜಾಣ್ಮೆಯೂ ಹೆಚ್ಚು ಬೇಕಾಗುವುದು ಚಾವಣಿಗೆ. ತಗಡು ಬೇಡವೆನ್ನುವ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಬೇಗ ಸಿಗುತ್ತದೆ, ಸೋರುವುದಿಲ್ಲ, ಮತ್ತೆ ಬಳಕೆಗೆ ಬರುತ್ತದೆ. ತಗಡಿನ ಕೆಳಗೆ ಅರ್ಧ ಅಡಿಯ ತೆರಪು ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ತೆರಪಿನ ಎರಡೂ ತುದಿಗಳನ್ನು ಜಾಲರಿ ಹಾಕಿ ತೆರೆದಿಟ್ಟರೆ ಬಿಸಿಗಾಳಿ ಅಲ್ಲಿಂದಲೇ ಹೊರಹೋಗುತ್ತದೆ. ತಗಡಿನ ಮೇಲ್ಮೈಗೆ ಸುಣ್ಣ ಬಳಿದರೆ ಕಾವು ಇನ್ನಷ್ಟು ತಗ್ಗುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಫೆಬ್ರುವರಿಯಲ್ಲಿ ಬಳಿಯುವುದು ಸರಿ. ಕಬ್ಬಿನ ರವದಿ (ಒಣಗಿದ ಗರಿ) ಬೇಕಾದಷ್ಟು ಸಿಗುವ ಸೀಮೆಯಲ್ಲಿ ಅದನ್ನೇ ಹೊದಿಸುವ ಆಸೆ ಸಹಜವಾದರೂ, ಒಂದು ಕಿಡಿ ಇಡೀ ಸಾಲನ್ನು ಸುಡಬಲ್ಲದು. ರವದಿಯನ್ನು ಚಾವಣಿಗೆ ಹಾಕದೆ, ಕತ್ತರಿಸಿ ಗೋಡೆಯ ಮಣ್ಣಿಗೆ ಕಲಸುವುದು ಲೇಸು. ಗೋಡೆಗೆ ಬಿದಿರಿನ ತಟ್ಟಿಯ ಎರಡೂ ಬದಿಗೆ ಈ ಮಣ್ಣನ್ನು ಮೆತ್ತಿ, ಸಗಣಿ ಸಾರಿಸಿದರೆ ಸಾಕು. ಮುಂಗಾರಿಗೆ ಮುನ್ನಿನ ಬಿರುಗಾಳಿ ತಗಡನ್ನು ಕಿತ್ತೊಯ್ಯದಂತೆ ಬರೀ ಮೊಳೆ ಹೊಡೆಯದೆ ಕೊಕ್ಕೆಯ ಬೋಲ್ಟ್ ಹಾಕಬೇಕು.

ಸಾಲುಗಳನ್ನು ಹಾಕುವಾಗ ಎರಡು ಶೆಡ್ಡುಗಳ ನಡುವೆ ಕನಿಷ್ಠ ಎರಡು ಮೀಟರ್ ಬಿಡಬೇಕು. ಒಂದೇ ಓಣಿಯವರು ಅಕ್ಕಪಕ್ಕ ಇದ್ದರೆ ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವವರು ಇರುತ್ತಾರೆ. ಆದರೆ ಊರಲ್ಲಿ ಹೊರಗಿದ್ದ ಕೇರಿಯವರನ್ನು ಇಲ್ಲಿಯೂ ತಗ್ಗಿನ ತುದಿಗೆ ತಳ್ಳಲು ಇದು ನೆಪವಾಗಬಾರದು. ಇಪ್ಪತ್ತು ಜನರಿಗೊಂದು ಶೌಚಾಲಯ, ಹೆಂಗಸರಿಗೆ ಬೇರೆಯದೇ, ಒಳಚಿಲಕ ಮತ್ತು ದೀಪದೊಂದಿಗೆ, ಬಾವಿ ಅಥವಾ ಬೋರ್‌ವೆಲ್‌ನಿಂದ 30 ಮೀಟರ್ ದೂರದಲ್ಲಿ ಇರಬೇಕು. ಎಮ್ಮೆ, ಎತ್ತುಗಳನ್ನು ಬಿಟ್ಟು ಯಾರೂ ಬರುವುದಿಲ್ಲವಾದ್ದರಿಂದ ದನಗಳಿಗೂ ಸೂರು ಮತ್ತು ಕಣಿಕೆಯ (ಜೋಳದ ಒಣ ದಂಟಿನ ಮೇವು) ಬಣವೆಗೆ ಜಾಗ ನಕ್ಷೆಯಲ್ಲೇ ಇರಲಿ. ಬಣವೆ ಒಲೆಗಳಿಂದ ದೂರವಿರಬೇಕು, ದನದ ಸೂರು ಶೆಡ್ಡುಗಳ ಪೂರ್ವಕ್ಕಿದ್ದರೆ ಮಳೆಗಾಲದಲ್ಲಿ ವಾಸನೆ ಒಳಬರುವುದಿಲ್ಲ.

ಚೌಕಟ್ಟಿನ ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಹುಳು ಹಿಡಿಯುವುದಿಲ್ಲ. ಆದರೆ ಬೋರಾಕ್ಸ್ ಮಳೆನೀರಿಗೆ ತೊಳೆದುಹೋಗುವುದರಿಂದ ಸೂರಿನ ಅಂಚು ಗೋಡೆಯಿಂದ ಎರಡಡಿಯಾದರೂ ಮುಂದೆ ಚಾಚಿರಬೇಕು, ಕಂಬದ ಬುಡ ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ನಿಂತು ಕಬ್ಬಿಣದ ಪಟ್ಟಿಯಿಂದ ಬಿಗಿದಿರಬೇಕು. ಎಲ್ಲ ಕೂಡುಗಳಿಗೂ ಬೋಲ್ಟ್ ಹಾಕಿ, ಪ್ರತಿ ಗಳಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆದು, ಬಿಚ್ಚುವ ಕ್ರಮವನ್ನು ಮನೆಯವರಿಗೇ ಒಮ್ಮೆ ಮಾಡಿ ತೋರಿಸಬೇಕು; ಹೊಸ ಮನೆಯ ಹಿತ್ತಲಿನಲ್ಲಿ ಇದೇ ಚೌಕಟ್ಟು ದನದ ಕೊಟ್ಟಿಗೆಯಾಗಿ ನಿಲ್ಲಬಹುದು.