ನಿಯಮ ಕೇಳಿದವರೇ ಮೊದಲು ಪಾಲಿಸಲಿ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದು

ಮಂಗಳೂರಿನ ಬಿಜೈ ಕಡೆ ನಮ್ಮ ಅಪಾರ್ಟ್‌ಮೆಂಟ್. ಹತ್ತಿರ ಹತ್ತಿರ ಐವತ್ತು ಮನೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಹಿಂದಿ, ಎಲ್ಲ ಮಾತಾಡುವವರೂ ಇದ್ದಾರೆ. "ಇಷ್ಟು ಬಗೆಯ ಜನಕ್ಕೆ ಒಂದೇ ನಡತೆಯ ನಿಯಮವಾ? ಆಗುವ ಕೆಲಸ ಹೇಳಿ ಮಾರಾಯ್ರೆ" ಅಂತ ಹಿಂದಿನ ಅಧ್ಯಕ್ಷರೇ ನಕ್ಕಿದ್ದರು. ಈಗ ಎರಡು ವರ್ಷದ ಮೇಲಾಯಿತು, ನಡತೆಯ ನಿಯಮ ಬರೆದ ನಮ್ಮ ಒಂದು ಹಾಳೆ ನಡೆಯುತ್ತಾ ಉಂಟು. ಕದ್ರಿ, ಕಾವೂರಿನ ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಬೈಲಾ, ಜನರಲ್ ಬಾಡಿ, ಮೆಂಟೆನೆನ್ಸ್ ಗಲಾಟೆ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಮೊದಲು ದುಡ್ಡು ಹೋದ ಕಥೆ. ಹಳೆ ಕಮಿಟಿ ವಕೀಲರ ಹತ್ತಿರ ಒಂದು ಪುಸ್ತಕವನ್ನೇ ಬರೆಸಿತ್ತು. ಪ್ರಿಂಟ್ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಬಿತ್ತು. "ನಿವಾಸಿಗಳು ಸಭ್ಯವಾಗಿ ವರ್ತಿಸತಕ್ಕದ್ದು" ಅಂತ ಶುರು. ಯಾವುದು ಸಭ್ಯ ಅಂತ ಎಲ್ಲಿಯೂ ಇಲ್ಲ. ಒಬ್ಬರ ಮನೆಯಲ್ಲಿ ಆ ಪುಸ್ತಕ ಫ್ರಿಜ್ಜಿನ ಕಾಲಡಿ ಇತ್ತು, ನಾನೇ ನೋಡಿದ್ದೇನೆ.

ಆಮೇಲೆ ದಂಡ. ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದರೆ 200 ರೂಪಾಯಿ. ಮೊದಲೆಲ್ಲ ಕರೆದು ಹೇಳಿದರೆ ನಾಚಿಕೊಂಡು ಕಾರು ತೆಗೆಯುತ್ತಿದ್ದವರು, ಈಗ "ದುಡ್ಡು ಕೊಟ್ಟಿದ್ದೇನಲ್ಲ" ಅಂತ ಆರಾಮವಾಗಿ ಮಲಗಿದರು. ಇಸ್ರೇಲಿನ ಹೈಫಾದಲ್ಲೂ ಹೀಗೇ ಆಗಿತ್ತಂತೆ. ಶಿಶುವಿಹಾರದಿಂದ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರೆ ತಡ ಮಾಡುವವರು ಜಾಸ್ತಿಯೇ ಆದರು. ದಂಡ ತೆಗೆದ ಮೇಲೂ ಕಮ್ಮಿ ಆಗಲಿಲ್ಲ. 2000ದಲ್ಲಿ ಬಂದ ಅಧ್ಯಯನ ಅದು. ನಮ್ಮಲ್ಲಿ ಏಳೆಂಟು ಸಾವಿರ ಸೇರಿತು, ಪಾರ್ಕಿಂಗ್ ಮಾತ್ರ ಸಂತೆಯಾಯಿತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದು. ಬಾಡಿಗೆಗಿದ್ದ ಮೆಡಿಕಲ್ ವಿದ್ಯಾರ್ಥಿಗಳ ಮನೆಗೆ ರಾತ್ರಿ ಒಂಬತ್ತರ ಮೇಲೆ ಯಾರೂ ಬರಬಾರದು ಅಂತ ಕೆಲವು ಹಿರಿಯರು ಬರೆದು ತಂದರು. ಅವರಿಗೆ ನೈಟ್ ಡ್ಯೂಟಿ, ಗೆಳೆಯರು ಬಂದು ಹೋಗುವುದೇ ಆಗ. ನಮ್ಮ ಊರಲ್ಲಿ ನೀತಿ ಅಂತ ಬಾಯಿ ತೆರೆದರೆ ಜನಕ್ಕೆ ಮೊದಲು ನೆನಪಾಗುವುದು ನೈತಿಕ ಪೊಲೀಸ್‌ಗಿರಿ. 2009ರಲ್ಲಿ ಇಲ್ಲಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಯಾರೂ ಮರೆತಿಲ್ಲ. ಮೀಟಿಂಗ್ ಒಡೆದುಹೋಯಿತು.

ಅಲ್ಲಿಂದ ನಾನು ಎರಡೇ ಷರತ್ತು ಇಟ್ಟೆ. ನಿಯಮ ಕೇಳುವವರು, ಅದಿಲ್ಲದೆ ಪಕ್ಕದ ಮನೆಗೆ ಏನು ತೊಂದರೆ ಅಂತ ಬಾಯಿಬಿಟ್ಟು ಹೇಳಬೇಕು. "ನೋಡ್ಲಿಕ್ಕೆ ಸರಿ ಇರುವುದಿಲ್ಲ" ಅಂದರೆ ಅಲ್ಲಿಗೇ ಮುಗಿಯಿತು. ಒಂಬತ್ತು ಗಂಟೆಯ ನಿಯಮ ಇದರಲ್ಲೇ ಬಿತ್ತು. ಎರಡನೆಯದು, ಆ ನಿಯಮವನ್ನು ಅವರೊಬ್ಬರೇ ಒಂದು ತಿಂಗಳು ಪಾಲಿಸಿ ತೋರಿಸಬೇಕು. ಆಮೇಲೇ ಹಾಳೆಗೆ.

"ಕೆಲಸದವರು ಲಿಫ್ಟ್ ಬಳಸಬಾರದು, ಸಾಲು ಉದ್ದ ಆಗ್ತದೆ" ಅಂತ ಆರನೇ ಮಹಡಿಯವರೊಬ್ಬರು ತಂದರು. ಒಳ್ಳೆಯದು ಸರ್, ನಾಳೆಯಿಂದ ನೀವು ಮೆಟ್ಟಿಲು ಅಂದೆ. "ಅದು ಅವರಿಗೆ ಮಾರಾಯ್ರೆ, ನನಗಲ್ಲ!" ಷರತ್ತು ಷರತ್ತೇ ಅಲ್ವಾ? ಹಟದ ಮನುಷ್ಯ, ಹತ್ತಿದರು. ಅದೂ ಜುಲೈ ತಿಂಗಳು. ಒಂದು ಕೈಯಲ್ಲಿ ನೀರು ಸೋರುವ ಕೊಡೆ, ಇನ್ನೊಂದರಲ್ಲಿ ಬಂಗುಡೆಯ ಚೀಲ, ನಾಲ್ಕನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ಅವರ ಮನೆ ಕೆಲಸದ ಅಕ್ಕ ಲಿಫ್ಟಿನಲ್ಲಿ ಮೇಲೆ ಹೋಗಿ ಬಾಗಿಲು ತೆರೆದು ಕಾಯುತ್ತಿದ್ದರು. ವಾರ ತುಂಬುವ ಮೊದಲೇ ನಿಯಮ ವಾಪಸ್. ಅಷ್ಟೇ ಅಲ್ಲ, ಕೆಲಸದವರಿಗೆ ಕೆಳಗಿನ ಟಾಯ್ಲೆಟ್ ರಿಪೇರಿ ಮಾಡಿಸಬೇಕು ಅಂತ ಮುಂದಿನ ಮೀಟಿಂಗಿನಲ್ಲಿ ಎದ್ದು ಹೇಳಿದವರೂ ಅವರೇ. ಸುಮಾರು ಹದಿನೆಂಟು ಸಾವಿರ ಆಯಿತು. ಒಬ್ಬರೂ ತಕರಾರು ತೆಗೆಯಲಿಲ್ಲ.

ಮಿಕ್ಸಿಯದ್ದು ಬೇರೆ ಕಥೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಉಂಟು. ಆದರೆ ಐದು ಗಂಟೆಗೆ ನೀರುದೋಸೆಗೆ ಅಕ್ಕಿ ಕಡೆಯುವವರನ್ನು ಅದು ಹಿಡಿಯುವುದಿಲ್ಲ. ಆರರ ಮೊದಲು ಮಿಕ್ಸಿ ಬೇಡ ಅಂದವರು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ತಿಂಗಳು ಪಾಲಿಸುವಾಗ ಅವರ ಮನೆಯಾಕೆಗೇ ಸಿಟ್ಟು ಬಂತು. ಕೊನೆಗೆ ಹಾಳೆಗೆ ಬಂದದ್ದು "ಆರರ ಮೊದಲಾದರೆ ಮಿಕ್ಸಿ ಅಡಿಗೆ ರಬ್ಬರ್ ಮ್ಯಾಟ್". ನೂರೈವತ್ತು ರೂಪಾಯಿಯೊಳಗೆ ಸಿಗುತ್ತದೆ.

ಹಸಿ ಕಸ, ಒಣ ಕಸ ಬೇರೆ ಮಾಡುವ ನಿಯಮ ಸಲೀಸಾಗಿ ದಾಟಿತು. 2019ರ ಆಗಸ್ಟಿನಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಬಂದದ್ದು ಎಲ್ಲರಿಗೂ ನೆನಪಿತ್ತು. ಪಕ್ಕದ ಮನೆಗೆ ಏನು ತೊಂದರೆ ಅಂತ ಯಾರೂ ಕೇಳಲೇ ಇಲ್ಲ. ಬೀದಿನಾಯಿಗೆ ಅನ್ನ ಹಾಕುವ ಜಗಳ ಮಾತ್ರ ಎಳೆಯಿತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಜಾಗ ಗೊತ್ತು ಮಾಡುವ ಹೊಣೆ ಅಸೋಸಿಯೇಶನ್‌ದೇ ಅಂತ ತೋರಿಸಿದ ಮೇಲೆ ಹಿಂದಿನ ಗೇಟಿನ ಹತ್ತಿರ ಒಂದು ಮೂಲೆ ಕೊಟ್ಟೆವು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಕಂಪೌಂಡಿನ ತೆಂಗಿನಕಾಯಿ ಯಾರಿಗೆ ಅಂತ ವರ್ಷವೂ ಜಗಳ. ಕಾಯಿಗಳನ್ನು ಲಿಫ್ಟಿನ ಪಕ್ಕ ರಾಶಿ ಹಾಕಿ, ರೇಟು ಬರೆದು, ಒಂದು ಡಬ್ಬಿ ಇಟ್ಟೆ. ಕಾವಲಿಲ್ಲ, ಕ್ಯಾಮೆರಾ ಇಲ್ಲ. ಮೊದಲ ಸಲ ಹತ್ತರಲ್ಲಿ ಎರಡು ಕಾಯಿಯ ದುಡ್ಡು ಬರಲಿಲ್ಲ. ಡಬ್ಬಿಯ ಮೇಲೆ ಒಂದು ಸಾಲು ಬರೆದೆ, ಈಗ ಹತ್ತರಲ್ಲಿ ಒಂದೂ ತಪ್ಪುವುದಿಲ್ಲ. ಮರ ಹತ್ತುವವರ ಕೂಲಿ ಕಳೆದೂ ಸ್ವಲ್ಪ ಉಳಿಯುತ್ತದೆ. ಆ ಸಾಲು ಏನು ಅಂತ ಇಲ್ಲಿ ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ. ಮೀಟಿಂಗಿನಲ್ಲಿ ಮೊದಲು ಯಾರ ಕೈಲಿ ಮಾತಾಡಿಸುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಹಾಳೆಯಲ್ಲಿ ಈಗ ಹನ್ನೊಂದು ಸಾಲು ಉಂಟು. ಖರ್ಚು ಒಂದು ಜೆರಾಕ್ಸ್, ಒಂದು ಲ್ಯಾಮಿನೇಶನ್. ಪ್ರತಿ ಸಾಲಿಗೂ ಆಯಸ್ಸು ಒಂದೇ ವರ್ಷ. ಬೇಕು ಅನ್ನುವವರು ಯಾರಾದರೂ ಮತ್ತೆ ಒಂದು ತಿಂಗಳು ಪಾಲಿಸಬೇಕು, ಇಲ್ಲದಿದ್ದರೆ ಸಾಲು ಹೊಡೆದುಹಾಕುತ್ತೇವೆ. ಹೋದ ವರ್ಷ ಎರಡು ಹೋದವು. ಚಪ್ಪಲಿ ಸ್ಟ್ಯಾಂಡಿನದ್ದು ಒಂದು, ಇನ್ನೊಂದು ಯಾರಿಗೂ ನೆನಪೇ ಇಲ್ಲ.

ಕದ್ರಿಯವರು ನಮ್ಮ ಹಾಳೆಯನ್ನೇ ನಕಲು ಮಾಡಿ ಅಂಟಿಸಿದ್ದರು, ತಿಂಗಳೊಳಗೆ ಹರಿದುಹೋಯಿತು. ಈಗ ಮೊದಲಿನಿಂದ ಶುರು ಮಾಡಿದ್ದಾರೆ. ನಮ್ಮಲ್ಲಿ ಸದ್ಯ ಲಿಫ್ಟಿನೊಳಗೆ ಫೋನ್ ಸ್ಪೀಕರ್ ಬೇಡ ಅನ್ನುವ ನಿಯಮ ಪರೀಕ್ಷೆಯಲ್ಲಿದೆ. ತಂದವರು ದಿನಕ್ಕೆ ಮೂರು ಸಲ ದುಬೈಯ ಮಗನ ಹತ್ತಿರ ಜೋರಾಗಿ ಮಾತಾಡುವವರು. ಇನ್ನೂ ಎರಡು ವಾರ ಬಾಕಿ ಉಂಟು.