ಪೋರ್ಚ್‌ಗೆ ಕಾಂಕ್ರೀಟ್ ಹಾಕುವ ಮುಂಚೆ: ವೈರ್‌ಲೆಸ್ ಕಾರ್ ಚಾರ್ಜಿಂಗ್‌ಗೆ ನೆಲ ಸಜ್ಜು ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಮನೆ ಕಟ್ಟಿಸುತ್ತಿದ್ದೀರಾ? ಪೋರ್ಚ್‌ಗೆ ಕಾಂಕ್ರೀಟ್ ಸುರಿಯುವ ಮುಂಚೆ ನೆಲದಡಿ ವೈರ್ ಎಳೆಯಲು ಎರಡು ಪೈಪ್ ಹಾಕಿಸಿಬಿಡಿ. ನಮ್ಮ ರಸ್ತೆಗಳಲ್ಲಿ ಓಡುವ ಎಲೆಕ್ಟ್ರಿಕ್ ಕಾರುಗಳಿಗೆ ಸದ್ಯ ಕೇಬಲ್ಲೇ ಗತಿ, ನಿಜ. ಆದರೆ ಕೇಬಲ್ ಇಲ್ಲದೆ ನೆಲದಿಂದಲೇ ಕಾರು ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್ ಬಂದ ದಿನ ಹೊಸ ಫರಸಿ ಒಡೆಸುವುದು ಯಾರಿಗೆ ಬೇಕು? ಅಲ್ಲಿಯವರೆಗೆ ಆ ಪೈಪಿನಲ್ಲಿ ಎಳೆದ ಲೈನಿಗೆ ಮಾಮೂಲಿ ವಾಲ್ ಚಾರ್ಜರ್ ಹಾಕಿಕೊಳ್ಳಬಹುದು. ಖರ್ಚು ದಂಡವಾಗುವುದಿಲ್ಲ.

ವೈರ್‌ಲೆಸ್ ಚಾರ್ಜಿಂಗ್ ಕೆಲಸ ಮಾಡುವ ರೀತಿ ಅಡುಗೆಮನೆಯ ಇಂಡಕ್ಷನ್ ಒಲೆಗೆ ಹತ್ತಿರ. ನೆಲದ ಪ್ಯಾಡಿನೊಳಗೆ ತಾಮ್ರದ ಕಾಯಿಲ್ ಇರುತ್ತದೆ. ಮನೆಗೆ ಬರುವ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಕರೆಂಟನ್ನು ಸುಮಾರು 85 ಕಿಲೋಹರ್ಟ್ಸ್‌ಗೆ ಏರಿಸಿ ಅದರಲ್ಲಿ ಹರಿಸುತ್ತಾರೆ. ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಒಲೆಯಲ್ಲಾದರೆ ಪಾತ್ರೆ ಕಾಯುತ್ತದೆ. ಇಲ್ಲಿ ಕಾರಿನ ತಳದಲ್ಲಿರುವ ಇನ್ನೊಂದು ಕಾಯಿಲ್ ಆ ಕ್ಷೇತ್ರವನ್ನು ಹಿಡಿದು ಮತ್ತೆ ಕರೆಂಟ್ ಮಾಡುತ್ತದೆ. ಅದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಆಗಿ ಬ್ಯಾಟರಿಗೆ ಹೋಗುತ್ತದೆ. ಎರಡೂ ಕಾಯಿಲ್‌ಗಳನ್ನು ಒಂದೇ ಕಂಪನಕ್ಕೆ ಹೊಂದಿಸಿರುವುದರಿಂದ 10ರಿಂದ 25 ಸೆಂಟಿಮೀಟರ್ ಅಂತರ ಇದ್ದರೂ ನಡೆಯುತ್ತದೆ.

ಇದು ಬರೀ ಕನಸಿನ ಮಾತಲ್ಲ. 2018ರಲ್ಲೇ ಬಿಎಂಡಬ್ಲ್ಯು ತನ್ನ 530ಇ ಕಾರಿಗೆ 3.2 ಕಿಲೋವ್ಯಾಟ್‌ನ ಪ್ಯಾಡ್ ಕೊಟ್ಟಿತ್ತು. ನಮ್ಮ ದೇಶದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ನಾಗ್ಪುರದ ಎಂಜಿನಿಯರಿಂಗ್ ಕಾಲೇಜು ವಿಎನ್‌ಐಟಿ ಸೇರಿ 1.5 ಕಿಲೋವ್ಯಾಟ್‌ನ ವೈರ್‌ಲೆಸ್ ಚಾರ್ಜರ್ ಮಾಡಿವೆ. ಅದರ ತಂತ್ರಜ್ಞಾನ 2025ರಲ್ಲಿ ಉದ್ಯಮದ ಕೈಗೆ ಹೋಗಿದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಎಷ್ಟು ಪವರ್ ಬೇಕು ನೋಡಿ. ಅಂತರರಾಷ್ಟ್ರೀಯ ಮಾನದಂಡ ಎಸ್‌ಎಇ ಜೆ2954ರಲ್ಲಿ 3.7, 7.7 ಮತ್ತು 11.1 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟ್ ಅಂತಲೇ ತಿಳಿಯಿರಿ) ಎಂಬ ವರ್ಗಗಳಿವೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವವರಿಗೆ ಸುಮಾರು 40 ಕಿಲೋಮೀಟರ್. ಚಿಕ್ಕ ಕಾರು ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡಿದರೂ ಆರು ಯೂನಿಟ್ ಸಾಕು. ಸಣ್ಣ ಪ್ಯಾಡೇ ಎರಡು ತಾಸಿನಲ್ಲಿ ತುಂಬಿಸುತ್ತದೆ. ಹನ್ನೊಂದರ ಆಸೆ ಬೇಡ ಅನ್ನುವುದು ನನ್ನ ಸಲಹೆ, ಅದಕ್ಕೆ ತ್ರೀ ಫೇಸ್ ಬೇಕಾಗುತ್ತದೆ. ಯಾವುದೇ ಇರಲಿ, ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ಮೊದಲೇ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ.

ಮುಂದಿನದು ನೆಲ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ತೆಳ್ಳಗೆ ಕಾಂಕ್ರೀಟ್ ಹಾಕಿದರೆ ಎರಡು ಮಳೆಗಾಲದಲ್ಲಿ ನೆಲ ವಾಲುತ್ತದೆ. ಜೊತೆಗೆ ಪ್ಯಾಡೂ ವಾಲುತ್ತದೆ, ಪೈಪೂ ಮುರಿಯುತ್ತದೆ. ಎರೆ ತೆಗೆಸಿ, ಗರಸು ತುಂಬಿ, ನೀರು ಹಾಕಿ ಚೆನ್ನಾಗಿ ದಮ್ಮಸ್ ಮಾಡಿಸಿ. ಆಳ ಎಷ್ಟು ಅಂತ ನಿಮ್ಮ ಎಂಜಿನಿಯರ್ ಮಣ್ಣು ನೋಡಿ ಹೇಳಲಿ. ಪೋರ್ಚ್ ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಇರಲಿ. ಅರ್ಥಿಂಗ್ ಗುಂಡಿಯನ್ನೂ ಬೇಸಿಗೆಯಲ್ಲಿ ಮರೆಯಬೇಡಿ. ಎರೆ ಒಣಗಿ ಕುಗ್ಗಿದಾಗ ಸರಳಿನ ಸುತ್ತ ಸಂದು ಬಿಟ್ಟು ಅರ್ಥಿಂಗ್ ಸಡಿಲವಾಗುತ್ತದೆ.

ಪೈಪ್ ಎರಡು ಹಾಕಿಸಿ, ಒಂದು ಪವರ್‌ಗೆ, ಇನ್ನೊಂದು ಸಿಗ್ನಲ್ ವೈರ್‌ಗೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದ ನಡುಗೆರೆಯವರೆಗೆ ಬರಲಿ. ತಿರುವು ದೊಡ್ಡದಿರಲಿ, ಒಳಗೆ ಎಳೆಯುವ ತಂತಿ ಬಿಟ್ಟಿರಲಿ. ಪೈಪಿನ ತುದಿಯಲ್ಲಿ ಚಿಕ್ಕ ಚೇಂಬರ್ ಕಟ್ಟಿ ಮೇಲೆ ಕಲ್ಲಿನ ಫರಸಿ ಮುಚ್ಚಿ. ಕಬ್ಬಿಣದ ತಗಡು ಖಂಡಿತ ಬೇಡ, ಕಾಂತಕ್ಷೇತ್ರದಲ್ಲಿ ಅದು ಕಾಯುತ್ತದೆ. 32 ಆಂಪಿಯರ್ ಲೈನ್ ಆದರೆ ಕನಿಷ್ಠ 6 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ಇಷ್ಟನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ಯಾಡ್ ಬಂದ ಮೇಲೆ ಕಾರು ನಿಲ್ಲಿಸುವುದರಲ್ಲಿ ಸ್ವಲ್ಪ ಶಿಸ್ತು ಬೇಕು. ಮಾನದಂಡದ ಪ್ರಕಾರ ಹಿಂದೆ-ಮುಂದೆ 7.5 ಸೆಂಟಿಮೀಟರ್, ಅಕ್ಕ-ಪಕ್ಕ 10 ಸೆಂಟಿಮೀಟರ್ ಅತ್ತಿತ್ತ ಆದರೆ ನಡೆಯುತ್ತದೆ. ಒಂದು ರಬ್ಬರ್ ವ್ಹೀಲ್ ಸ್ಟಾಪರ್ ಕೂಡಿಸಿದರೆ ಅರ್ಧ ಕೆಲಸ ಮುಗಿಯಿತು. ಸರಿಯಾಗಿ ನಿಂತರೆ ಶೇ 90ರ ಆಸುಪಾಸಿನಲ್ಲಿ ಕರೆಂಟ್ ಕಾರಿಗೆ ಸೇರುತ್ತದೆ. ಪ್ಯಾಡಿನ ಮೇಲೆ ನಾಣ್ಯ, ಮೊಳೆ ಬಿದ್ದಿದ್ದರೆ ಬಿಸಿಯಾಗುತ್ತದೆ. ಅದಕ್ಕೇ ಅಂಥದ್ದನ್ನು ಗುರುತಿಸಿ ನಿಲ್ಲಿಸುವ, ಬೆಕ್ಕು ನುಗ್ಗಿದರೂ ಬಂದ್ ಆಗುವ ಸೆನ್ಸರ್ ಇರುವ ಪ್ಯಾಡನ್ನೇ ಕೊಳ್ಳಿ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಇದ್ದರೆ ವೈದ್ಯರನ್ನು ಕೇಳದೆ ಹಾಕಿಸಬೇಡಿ.

ಈಗಿರುವ ಕಾರಿನ ತಳ ಬಿಚ್ಚಿ ಕಾಯಿಲ್ ಕೂಡಿಸಿ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಒಪ್ಪಲೇಬೇಡಿ. ಅಲ್ಲಿ ನೂರಾರು ವೋಲ್ಟ್‌ನ ಲೈನ್ ಇರುತ್ತದೆ. ವಾರಂಟಿ ಹೋಗುವುದು ಬಿಡಿ, ಜೀವಕ್ಕೇ ಅಪಾಯ.

ಕಾಂಕ್ರೀಟ್ ಹಾಕುವ ದಿನ ಪೈಪ್ ಹೋದ ದಾರಿಯ ಫೋಟೊ ತೆಗೆಯಿರಿ. ಟೇಪ್ ಹಿಡಿದು ಗೋಡೆಯಿಂದ ಎಷ್ಟು ಅಡಿ ಅಂತ ಅಳೆದು ಬರೆದು, ಮನೆಯ ನಕ್ಷೆಯ ಜೊತೆ ಇಡಿ.